ಗೊಣಗದ ತಪಸ್ಸುಕಾಲ

ಉಪದೇಶಿಯಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವಾಗಲೋ ರುಬ್ಬುಗುಂಡಿಗೆ ಸಿಕ್ಕಿಕೊಂಡಿತ್ತಂತೆ. ಆಮೇಲೆ ಬೆಳೆದಾಗಲೆಲ್ಲ ಸೀಳಿಕೊಂಡೇ ಬೆಳೆಯುತ್ತಿತ್ತು. ಬೆಳಿಗ್ಗೆ ಶಾಲೆಯ ವ್ಯಾನು ಬರುವ ಮುಂಚೆ ಅವರು ಎದುರುಮನೆಯ ಸಂದಿಯಿಂದ ಬಂದು ನಮ್ಮ ಗೇಟಿನ ಹತ್ತಿರ ನಿಂತು, ನನ್ನ ಮಗಳ ಹಣೆಯ ಮೇಲೆ ಅದೇ ಬೆರಳಿನಿಂದ ಶಿಲುಬೆಯ ಗುರುತು ಎಳೆಯುತ್ತಿದ್ದರು. ಉಗುರು ಗೀರುತ್ತಿತ್ತು. “ಅಜ್ಜೀ, ಚುಚ್ಚತ್ತೆ” ಎಂದು ಮಗಳು ತಲೆ ಹಿಂದಕ್ಕೆಳೆದುಕೊಂಡರೆ, “ಚುಚ್ಲಿ ಬಿಡು. ಮಧ್ಯಾಹ್ನದ ತನಕ ನೆನಪಿರತ್ತೆ” ಅನ್ನುತ್ತಿದ್ದರು.

ಆ ದಿನ ಬೆಳಿಗ್ಗೆ ಗುರುತು ಎಳೆದವಳು ನಾನು. ಅವರು ಆಸ್ಪತ್ರೆ ಸೇರಿದಂದಿನಿಂದ ಅದು ನನ್ನ ಬೆಳಗಿನ ಕೆಲಸಗಳ ಜೊತೆ ಸೇರಿಹೋಗಿತ್ತು: ಹಾಲಿನ ಪ್ಯಾಕೆಟ್ ಒಳಗೆ ತರುವುದು, ಯಜಮಾನರ ಡಬ್ಬಿಗೆ ಚಪಾತಿ, ಮಗಳ ಡಬ್ಬಿಗೆ ಚಿತ್ರಾನ್ನ, ಜಡೆ, ರಿಬ್ಬನ್ನು, ಹಣೆಯ ಮೇಲೊಂದು ಶಿಲುಬೆ. ನನ್ನ ಬೆರಳು ನುಣುಪು, ಮಗಳಿಗೆ ಗೊತ್ತೇ ಆಗುವುದಿಲ್ಲ. ವ್ಯಾನು ಹೋಯಿತು. ನೀರಿನ ಟ್ಯಾಂಕರ್ ಗಲ್ಲಿಯೊಳಗೆ ಹಿಂದಕ್ಕೆ ಬರುವಾಗ ಹಾಡುವ ಹಾಳು ಪೀಪಿ ಕೇಳುತ್ತಿತ್ತು. ಬೇಳೆ ಕುಕ್ಕರಿನಲ್ಲಿತ್ತು. ಆಗ ಫೋನು ಬಂತು. ವಾರ್ಡಿನ ನರ್ಸು, ಮಲಯಾಳಿ ಹುಡುಗಿ, “ಮೇಡಂ, ನಿಮ್ಮ ಅಮ್ಮ ಹೋಗಿಬಿಟ್ರು. ಈಗಷ್ಟೇ” ಅಂದಳು. ನಮ್ಮ ಅಮ್ಮ ಅಲ್ಲ ಎಂದು ನಾನು ತಿದ್ದಲಿಲ್ಲ. ಕುಕ್ಕರ್ ಇನ್ನೊಂದು ಸಲ ಕೂಗುವವರೆಗೆ ನಿಂತಿದ್ದು ಒಲೆ ಆರಿಸಿದೆ.

ಅವರಿಗೊಂದು ಹೆಸರಿತ್ತು. ಸಮಾಧಿಯ ಶಿಲುಬೆಯ ಮೇಲೆ ಬರೆಸಬೇಕೆಂದು ಫಾದರ್ ಕೇಳಿದಾಗ ನಮ್ಮಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರಲಿಲ್ಲ. ಅವರ ಗಂಡ ಊರ ಕಡೆ ಉಪದೇಶಿಯಾಗಿದ್ದರು. ಅಂದರೆ, ಫಾದರ್ ತಿಂಗಳಿಗೊಮ್ಮೆ ಮಾತ್ರ ಬರುವಂಥ ಹಳ್ಳಿಗಳಲ್ಲಿ ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸುವವರು, ಸತ್ತವರನ್ನು ಮಣ್ಣಿಗೆ ಕೊಡುವವರು. ಅವರು ತೀರಿಕೊಂಡ ಮೇಲೆ ಈಕೆ ಕುಂದಲಹಳ್ಳಿಗೆ ಬಂದು ನಮ್ಮ ಎದುರುಮನೆಯ ಹಿತ್ತಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಮಕ್ಕಳಿರಲಿಲ್ಲ. ವಾರವೆಲ್ಲ ಬ್ರೂಕ್‌ಫೀಲ್ಡಿನ ಒಂದು ಪ್ಲೇಸ್ಕೂಲಿನಲ್ಲಿ ಆಯಾ ಕೆಲಸ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ. ಸಂಜೆ ಮನೆಯ ಓನರಮ್ಮನ ಜೊತೆ ನೀರಿನ ಸಂಪಿನ ಕಲ್ಲುಚಪ್ಪಡಿಯ ಮೇಲೆ ಕೂತು ಸೊಪ್ಪು ಬಿಡಿಸುವುದು. ಓನರಮ್ಮ ಇದೇ ಊರಿನ ಮೂಲದವರು. ಅವರ ರಾಗಿ ಹೊಲವಿದ್ದ ಕಡೆ ಈಗ ಸಾಲಾಗಿ ಬಾಡಿಗೆ ಕೋಣೆಗಳು. ಅವರಿಗೆ ಚರ್ಚಿನ ಸಂಗತಿ ಏನೂ ತಿಳಿಯದು. ಕ್ರಿಸ್‌ಮಸ್ಸಿಗೆ ಕೇಕು ಬರುತ್ತದೆ ಎಂಬಷ್ಟು ತಿಳಿದಿತ್ತು.

ನಾನು ಸಿಸ್ಟರುಗಳ ಬೋರ್ಡಿಂಗಿನಲ್ಲಿ ಬೆಳೆದವಳು. ಜಪಗಳೆಲ್ಲ ಇಂಗ್ಲಿಷಿನಲ್ಲಿ ಬಾಯಿಗೆ ಬರುತ್ತಿದ್ದವು, ಇಸ್ತ್ರಿ ಮಾಡಿದ ಯೂನಿಫಾರ್ಮಿನ ಹಾಗೆ ಒಂದು ಸುಕ್ಕಿಲ್ಲದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಚರ್ಚಿನ ಬೆಳಗಿನ ಕನ್ನಡ ಪೂಜೆಗೆ ಹೋಗುತ್ತಿದ್ದೆ. ಇಂಗ್ಲಿಷ್ ಪೂಜೆ ಅಡುಗೆಯ ಹೊತ್ತಿಗೆ ಬೀಳುತ್ತಿತ್ತು, ಅಷ್ಟೇ ಕಾರಣ. ನನ್ನ ಅಮ್ಮ ತೀರಿಕೊಂಡು ಊರಿನಿಂದ ಹಿಂದಿರುಗಿದ ವಾರ ಕೊನೆಯ ಬೆಂಚಿನಲ್ಲಿ ಜಪಸರ ಹಿಡಿದು ಕೂತಿದ್ದೆ. ತುಟಿ ಆಡುತ್ತಿತ್ತು. ಉಪದೇಶಿಯಮ್ಮ ಪಕ್ಕಕ್ಕೆ ಬಂದು ಕೂತರು. ಸ್ವಲ್ಪ ಹೊತ್ತು ಕಿವಿಗೊಟ್ಟು, “ಅಳೋದೂ ಇಂಗ್ಲಿಷಲ್ಲೇನಾ?” ಅಂದರು.

ನಾನು ಜಪಸರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

“ಅಲ್ಲ, ಸುಮ್ನೆ ಕೇಳ್ದೆ. ಅಮ್ಮಾ ಅಂತ ಅಳ್ತೀಯೋ ಮಮ್ಮಿ ಅಂತಲೋ?”

“ಅಮ್ಮಾ ಅಂತ.”

“ಹಾಗಾದ್ರೆ ಅದೇ ಬಾಯಲ್ಲಿ ಹೇಳು. ದೇವ್ರ ಹತ್ರ ನಾಟಕ ಬೇಡ. ಕಾಲು ನೋಯ್ತಿದ್ರೆ ಕಾಲು ನೋವು ಅನ್ನು, ನಿಮ್ಮತ್ತೆ ಮೇಲೆ ಕೋಪ ಇದ್ರೆ ಅದನ್ನೇ ಅನ್ನು. ಅಪ್ಪನ ಹತ್ರ ಹೇಳ್ದೆ ಇನ್ಯಾರ ಹತ್ರ ಹೇಳ್ತೀಯ?”

ಆ ಬೆಂಚಿನ ಮೇಲೆ ನಾನು ಮೊದಲ ಸಲ ಕನ್ನಡದಲ್ಲಿ ಪ್ರಾರ್ಥಿಸಿದೆ. ಅದನ್ನು ಪ್ರಾರ್ಥನೆ ಅನ್ನಬಹುದೋ ಇಲ್ಲವೋ. ಅಮ್ಮನ ಹಾಸಿಗೆಯ ಪಕ್ಕದಲ್ಲಿ ನಾನು ಇರಲಿಲ್ಲ, ನೀನಾದರೂ ಇದ್ದೆಯಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಆದರೆ ಕೇಳಿ ಮುಗಿಸಿದಾಗ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಪಕ್ಕಕ್ಕೆ ಸರಿದಂತಿತ್ತು.

ಉಪದೇಶಿಯಮ್ಮ ತಾವೂ ಹಾಗೆಯೇ ಇದ್ದರು. ಅಷ್ಟು ಗೊಣಗುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಟ್ಯಾಂಕರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಸ್ಸಿನವನು ಬೇಕೆಂದೇ ಸ್ಟಾಪು ದಾಟಿ ನಿಲ್ಲಿಸುತ್ತಾನೆ, ಹಾಡಿನ ತಂಡದವರು ಗಿಟಾರನ್ನು ದನಕ್ಕೆ ಹೊಡೆದ ಹಾಗೆ ಹೊಡೆಯುತ್ತಾರೆ, ಫಾದರ್ ಪ್ರಸಂಗ ಮುಗಿಸುವಷ್ಟರಲ್ಲಿ ಮನೆಯಲ್ಲಿಟ್ಟ ಅನ್ನ ಹಳಸಿರುತ್ತದೆ. ಮೊಣಕಾಲೂರಿದರೂ ಬಿಡುತ್ತಿರಲಿಲ್ಲ. ಪೀಠದ ಕಡೆ ಮುಖ ಮಾಡಿ ಪಿಸುಗುಟ್ಟುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ ಅದು ಜಪವೋ ದೂರೋ ತಿಳಿಯುತ್ತಿರಲಿಲ್ಲ. ಒಮ್ಮೆ ನನಗೆ ಸ್ಪಷ್ಟವಾಗಿ ಕೇಳಿಸಿತು: “ಮಂಡಿ ಕೊಟ್ಟೋನೂ ನೀನೇ, ಈ ಬೆಂಚು ಮಾಡ್ಸಿದೋನೂ ನೀನೇ. ಒಂದಕ್ಕೊಂದು ಹೊಂದತ್ತಾ ನೋಡು.”

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸುಕಾಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವರು ಹಬ್ಬದ ತನಕ ಏನಾದರೊಂದನ್ನು ಬಿಡುತ್ತೇವೆ. ಮಾಂಸ, ಸಿಹಿ, ಟೀವಿ ಸೀರಿಯಲ್ಲು. ಬಿಟ್ಟದ್ದನ್ನು ಯಾರದಾದರೂ ಕೋರಿಕೆಗೆ ಮೀಸಲಿಡುವುದೂ ಉಂಟು. ಹಣೆಯ ಬೂದಿ ಇನ್ನೂ ಮೂಗಿನ ಮೇಲೆ ಉದುರುತ್ತಿರುವಾಗಲೇ ಉಪದೇಶಿಯಮ್ಮ ಚರ್ಚಿನ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರನ್ನೂ ಹಿಡಿದು, “ಏನು ಬಿಡ್ತಿದೀಯ?” ಎಂದು ವಿಚಾರಿಸುತ್ತಿದ್ದರು. ಉಪವಾಸ ಗುಟ್ಟಾಗಿರಬೇಕಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಗುಟ್ಟಾಗಿಟ್ರೆ ನೀವು ಮರ್ತು ಕಾಫಿ ಕೊಟ್ಬಿಡ್ತೀರ, ನಾನು ಮರ್ತು ಕುಡ್ದುಬಿಡ್ತೀನಿ” ಅಂದಿದ್ದರು. ಒಂದು ವರ್ಷ ಕಾಫಿ ಬಿಟ್ಟಿದ್ದರು, ಒಂದು ವರ್ಷ ಎಲೆಅಡಿಕೆ.

ನಾನು ಹೇಳುತ್ತಿರುವ ವರ್ಷ ನಮ್ಮ ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. ಯಜಮಾನರು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿತ್ತು. ಆ ಜಾಗದಲ್ಲಿ ಗಾಜಿನ ಕಟ್ಟಡ ಏಳುತ್ತಿತ್ತು. ಅವರು ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟು ಪೀಣ್ಯದ ಗೇಟು ಗೇಟಿಗೂ ಹೋಗಿ ಕೇಳಿ, ಸಂಜೆ ಬೆನ್ನಿಗೆ ಅಂಟಿದ ಅದೇ ಶರ್ಟಿನಲ್ಲಿ ಹಿಂದಿರುಗುತ್ತಿದ್ದರು. ಬೂಟು ಬಿಚ್ಚುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಗಳು ಸಹ ಆ ಹೊತ್ತಿಗೆ ಅಡುಗೆಮನೆಗೆ ಬಂದು ನಿಲ್ಲುವುದನ್ನು ಕಲಿತಿದ್ದಳು.

ಆ ಸಲದ ಬೂದಿ ಬುಧವಾರ ಮೆಟ್ಟಿಲ ಮೇಲೆ ನಮ್ಮೆಲ್ಲರ ವಿಚಾರಣೆ ಮುಗಿದ ಮೇಲೆ ಉಪದೇಶಿಯಮ್ಮ ತಮ್ಮದನ್ನು ಹೇಳಿದರು. “ಈ ಸಲ ನಾನು ಗೊಣಗೋದು ಬಿಟ್ಟಿದೀನಿ.”

ಹಾಡಿನ ತಂಡದ ಹುಡುಗಿಯೊಬ್ಬಳು, “ಅಯ್ಯೋ ಆಂಟಿ, ಹಬ್ಬದ ತನಕ ಬದುಕ್ತೀರಾ ನೀವು?” ಅಂದಳು. ಎಲ್ಲರೂ ನಕ್ಕೆವು. ಅವರೂ ನಕ್ಕರು.

“ನಗ್ರಿ, ನಗ್ರಿ. ನೋವು, ಬೇಜಾರು, ಸಾಕಾಯ್ತು, ಇಂಥದ್ದು ಒಂದು ಮಾತೂ ಈ ಬಾಯಿಂದ ಬರಲ್ಲ. ಮನುಷ್ಯರ ಹತ್ರಾನೂ ಇಲ್ಲ, ಮೇಲಿನೋನ ಹತ್ರಾನೂ ಇಲ್ಲ.” ಆಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ದನಿ ತಗ್ಗಿಸಿದರು. “ನಿಮ್ಮನೆಯೋರ ಕೆಲಸಕ್ಕೆ ಅಂತ ಇಟ್ಟಿದೀನಿ ಕಣಮ್ಮ. ಕಾಫಿಗೀಫಿ ಬಿಟ್ರೆ ಆಗೋ ಕೆಲಸ ಅಲ್ಲ ಇದು.”

ಮಾತಿನಂತೆ ನಡೆದರು. ಅವರ ಬಾಯಿ ಮುಚ್ಚಿದ ಮೇಲೆ ನಮ್ಮ ಗಲ್ಲಿಯೇ ಒಂದು ಥರಾ ಆಯಿತು. ಟ್ಯಾಂಕರ್ ಬರಲಿಲ್ಲವೆಂದರೆ ಕೊಡ ಕೆಳಗಿಟ್ಟು ಸುಮ್ಮನೆ ನಿಲ್ಲುವರು. ಬಸ್ಸು ಮುಂದೆ ಹೋಗಿ ನಿಂತರೆ ಮಾತಿಲ್ಲದೆ ಅಷ್ಟು ದೂರ ನಡೆದು ಹತ್ತುವರು. ಚರ್ಚಿನಲ್ಲಿ ಪಿಸುಗುಟ್ಟುವುದು ನಿಂತಿತು. ಮೊಣಕಾಲೂರಿ ತುಟಿ ಬಿಗಿದುಕೊಂಡಿರುತ್ತಿದ್ದರು.

ಶುಕ್ರವಾರ ಸಂಜೆ ಶಿಲುಬೆಯ ಹಾದಿ ಇರುತ್ತದೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಚಿತ್ರಗಳು ಗೋಡೆಯ ಉದ್ದಕ್ಕೂ ಇರುತ್ತವೆ; ಒಂದೊಂದರ ಮುಂದೂ ನಿಂತು, ಮೊಣಕಾಲೂರಿ, ಎದ್ದು, ಮುಂದೆ ಸಾಗಬೇಕು. ಮೊದಲ ಶುಕ್ರವಾರ ಅವರು ಎಲ್ಲರ ಜೊತೆ ಎದ್ದರು. ಆಮೇಲಾಮೇಲೆ ಕಂಬ ಹಿಡಿದು ಏಳತೊಡಗಿದರು. ಬಳೆ ಮುಂಗೈಯಲ್ಲಿ ನಿಲ್ಲದೆ ಮೊಣಕೈಗೆ ಏರುತ್ತಿತ್ತು. ಕುಪ್ಪಸದ ಎರಡೂ ಪಕ್ಕ ಹೊಸದಾಗಿ ಹೊಲಿಗೆ ಹಿಡಿದಿದ್ದರು. ದಾರದ ಬಣ್ಣ ಬೇರೆ. ನೆರಿಗೆಗೆ ಸಿಕ್ಕಿಸುವ ಪಿನ್ನು ಇನ್ನಷ್ಟು ಒಳಕ್ಕೆ ಹೋಗಿತ್ತು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಎಲ್ಲರ ಕಣ್ಣಿಗೂ ಬಿದ್ದಿತ್ತು. ತಪಸ್ಸುಕಾಲದಲ್ಲಿ ಮನುಷ್ಯ ಇಳಿಯುವುದು ನಮ್ಮಲ್ಲಿ ಒಳ್ಳೆಯ ಲಕ್ಷಣ. “ಈ ವರ್ಷ ಉಪದೇಶಿಯಮ್ಮನ ತಪಸ್ಸು ಮುಖದಲ್ಲೇ ಕಾಣತ್ತೆ ನೋಡ್ರೀ” ಎಂದು ಹೆಂಗಸರು ಗೌರವದಿಂದ ಮಾತಾಡಿಕೊಂಡೆವು. ಒಂದು ಭಾನುವಾರ ಫಾದರ್ ಸಹ ಪ್ರಸಂಗದಲ್ಲಿ, ನಮ್ಮ ನಡುವೆ ಒಬ್ಬ ತಾಯಿ ನಾಲಗೆಯ ಉಪವಾಸ ಹಿಡಿದಿದ್ದಾರೆ, ಅವರನ್ನು ನೋಡಿ ಕಲಿಯಿರಿ ಅಂದರು. ನಾವು ತಿರುಗಿ ನೋಡಿದೆವು. ಅವರು ಸೆರಗಿನ ತುದಿಯಿಂದ ಮೇಲ್ದುಟಿಯ ಬೆವರು ಒರೆಸಿಕೊಂಡರು.

ಈಸ್ಟರಿಗಿಂತ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಮುಂಚಿನ ವಾರ ಯಜಮಾನರಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿತು. ಕಂಪನಿಯ ಬಸ್ಸು, ಮೊದಲಿನಷ್ಟೇ ಸಂಬಳ. ನಾನು ಒದ್ದೆ ಕೈಯಲ್ಲೇ ಎದುರುಮನೆಯ ಹಿತ್ತಲಿಗೆ ಓಡಿದೆ. ಅವರು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು, ಮಡಿಲಲ್ಲಿ ದಿಂಬು. ಸುದ್ದಿ ಕೇಳಿ ಕಣ್ಣು ಮುಚ್ಚಿ ತೆರೆದರು. “ಕೇಳಿಸ್ಕೊಂಡ ನೋಡು,” ಅಂದರು.

“ಇನ್ನು ಬಿಟ್ಬಿಡಿ ಆಂಟಿ, ಕೋರಿಕೆ ಆಯ್ತಲ್ಲ. ನಿಮ್ಮ ಬಾಯಿ ಕೇಳ್ದೆ ಬೇಜಾರಾಗಿದೆ ನಮಗೆ.”

“ಸಿಕ್ತು ಅಂತ ಅರ್ಧಕ್ಕೇ ಬಿಟ್ರೆ ಮರ್ಯಾದೆ ಇರತ್ತಾ? ಹಬ್ಬದ ತನಕ ಅಂತ ಮಾತು ಕೊಟ್ಟಿದೀನಿ.”

ಈಸ್ಟರ್ ದಿನ ಅವರನ್ನು ಊಟಕ್ಕೆ ಕರೆದಿದ್ದೆವು. ಯಜಮಾನರು ತಾವೇ ಹೋಗಿ ಕೋಳಿ ತಂದಿದ್ದರು, ನಾನು ಕೊಬ್ಬರಿ ಹುರಿದು ಸಾರು ಮಾಡಿದ್ದೆ. ಅವರು ಹೊಸ ಸೀರೆ ಉಟ್ಟು ಬಂದು ಕೂತರು. ಒಂದು ತುತ್ತು ಬಾಯಿಗಿಟ್ಟರು, ಅಗಿದರು, ಅಗಿಯುತ್ತಲೇ ಇದ್ದರು. ಎದ್ದು ಹೋಗಿ ಸಿಂಕಿನಲ್ಲಿ ಉಗಿದು ಬಾಯಿ ಮುಕ್ಕಳಿಸಿ ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತರು.

“ಹಬ್ಬ ಬಂದಾಯ್ತಲ್ಲ? ಈಗ ಹೇಳ್ಬಹುದಲ್ಲ?” ಅಂದರು. ನಮಗೆ ಅರ್ಥವಾಗಲಿಲ್ಲ. ನನ್ನ ಕೈಯನ್ನು ತೆಗೆದುಕೊಂಡು ಸೆರಗಿನ ಕೆಳಗೆ ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು. ಬಲಪಕ್ಕದಲ್ಲಿ ಗಟ್ಟಿಯಾಗಿ, ಕೊಬ್ಬರಿ ಗಿಟುಕು ಬೋರಲು ಹಾಕಿದ ಹಾಗೆ ಏನೋ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಯಾವಾಗಿಂದ ನೋವಿದೆ?”

“ಬೂದಿ ಬುಧವಾರಕ್ಕೆ ಮುಂಚೆ ಸ್ವಲ್ಪ ಇತ್ತು ಸಾರ್. ಆಮೇಲೆ ಜಾಸ್ತಿ.”

“ಮತ್ತೆ ಯಾಕಮ್ಮಾ ಯಾರಿಗೂ ಹೇಳ್ಲಿಲ್ಲ?”

“ತಪಸ್ಸುಕಾಲ ಇತ್ತಲ್ಲ ಸಾರ್.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡಿದೆ. ಹೊರಗೆ ಬಂದ ಮೇಲೆ ನನ್ನೊಬ್ಬಳಿಗೆ, “ಮುಂಚೆ ಬಂದಿದ್ರೆ ಉಳೀತಿದ್ರು ಅಂತ ನಾನು ಹೇಳಲ್ಲ. ಆದ್ರೆ ಮುಂಚೆ ಬರ್ಬೇಕಿತ್ತು” ಅಂದರು. ಆ ಎರಡು ಮಾತುಗಳ ನಡುವೆ ನಾನು ಇವತ್ತಿಗೂ ಓಡಾಡುತ್ತಿದ್ದೇನೆ.

ಬೇಸಗೆ ಕಳೆಯಿತು, ಮಳೆ ಹಿಡಿಯಿತು. ವಾರ್ಡಿನಲ್ಲಿ ಅವರ ಬಾಯಿ ಮತ್ತೆ ತೆರೆಯಿತು. ಗಂಜಿಗೆ ಉಪ್ಪಿಲ್ಲ, ಫ್ಯಾನು ಕಿರುಗುಡುತ್ತದೆ, ನರ್ಸುಗಳು ಮಲಯಾಳದಲ್ಲಿ ಬೈಯುತ್ತಾರೆ, ಪಕ್ಕದ ಹಾಸಿಗೆಯವಳು ಇಡೀ ದಿನ ಮಗನ ಮದುವೆಯ ಮಾತಾಡುತ್ತಾಳೆ. ನಾನು ಕಿತ್ತಳೆ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಗೊಣಗಲೂ ಶಕ್ತಿ ಸಾಲದಾಯಿತು. ನೋವು ಬಂದಾಗ ಆ ಸೀಳಿದ ಉಗುರನ್ನು ಮಂಚದ ಕಬ್ಬಿಣಕ್ಕೆ ಉಜ್ಜುತ್ತಿದ್ದರು. ಅಲ್ಲಿ ಬಣ್ಣ ಎದ್ದುಹೋಗಿತ್ತು.

ಒಂದು ಮಧ್ಯಾಹ್ನ ನಾನು ಕೇಳಿಬಿಟ್ಟೆ. “ಆಂಟಿ, ಯೇಸು ಶಿಲುಬೆ ಮೇಲಿದ್ದಾಗ ಬಾಯಾರಿಕೆ ಅಂತ ಹೇಳ್ಕೊಂಡ್ರಲ್ಲ. ನನ್ನ ಯಾಕೆ ಕೈಬಿಟ್ಟೆ ಅಂತ ಅಪ್ಪನ್ನೂ ಕೇಳಿದ್ರಲ್ಲ. ಅವರೇ ಸುಮ್ನಿರ್ಲಿಲ್ಲ. ನೀವ್ಯಾಕೆ ಸುಮ್ನಿದ್ರಿ?”

ಅವರು ಫ್ಯಾನಿನ ಕಡೆ ನೋಡುತ್ತ ಮಲಗಿದ್ದರು.

“ಅದು ನಂಗೆ ಹೊಳೀಲೇ ಇಲ್ಲ ನೋಡು,” ಅಂದರು. “ಇಷ್ಟು ವರ್ಷ ಮಕ್ಕಳಿಗೆ ಅದನ್ನೇ ಪಾಠ ಮಾಡ್ದೆ.” ನಂತರ ಗೋಡೆಯ ಕಡೆ ಹೊರಳಿದರು.

ಯಜಮಾನರ ಬಸ್ಸು ದಿನವೂ ಗಲ್ಲಿಯ ತುದಿಗೆ ಬಂದು ಹಾರ್ನ್ ಹಾಕುತ್ತಿತ್ತು. ಅವರು ಡಬ್ಬಿ ಹಿಡಿದು ಓಡುವಾಗ ಎದುರುಮನೆಯ ಸಂದಿಯ ಕಡೆ ನೋಡುತ್ತಿರಲಿಲ್ಲ. ಅನ್ನದ ತಟ್ಟೆಯ ಮುಂದೆ ಕೂತಾಗ ನಾನೂ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದೆ. ಪಾಪನಿವೇದನೆಗೆ ಹೋದಾಗ ಫಾದರನ್ನು ಕೇಳಿದೆ: ಅವರು ನೋವು ನುಂಗಿದ್ದಕ್ಕೆ ನಮಗೆ ಕೆಲಸ ಕೊಟ್ಟನೇ ದೇವರು? ಫಾದರ್ ಮರದ ಜಾಲರಿಯ ಆಚೆಯಿಂದ, “ದೇವರು ವ್ಯಾಪಾರ ಮಾಡಲ್ಲಮ್ಮ” ಅಂದರು. ಒಳ್ಳೆಯ ಮಾತು, ನನಗೆ ಕಾನ್ವೆಂಟಿನಲ್ಲೂ ಅದನ್ನೇ ಕಲಿಸಿದ್ದರು. ಆದರೆ ಉಪದೇಶಿಯಮ್ಮ ಕೊಟ್ಟಿದ್ದಂತೂ ನಿಜ, ನಾವು ಉಂಡಿದ್ದೂ ನಿಜ. ದೇವರು ತೆಗೆದುಕೊಂಡನೋ ಇಲ್ಲವೋ ಎಂಬುದೊಂದು ನನಗೆ ಗೊತ್ತಾಗಬೇಕಿತ್ತು. ತೆಗೆದುಕೊಂಡಿದ್ದರೆ ಅಂಥವನ ಮುಂದೆ ನಾನು ಮಗಳನ್ನು ಹೇಗೆ ಮೊಣಕಾಲೂರಿಸಲಿ? ತೆಗೆದುಕೊಂಡಿಲ್ಲದಿದ್ದರೆ ಆ ಹೆಂಗಸು ಒಬ್ಬರೇ, ಯಾರಿಗೂ ಬೇಡದ ನೋವನ್ನು ದಿಂಬಿಗೆ ಒತ್ತಿಕೊಂಡು ಕೂತಿದ್ದರು. ಯಾವುದಿದ್ದರೂ ಅವರು ಒಬ್ಬರೇ ಇದ್ದರು. ಅದೊಂದನ್ನು ನೆನೆದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಫೋನು ಬಂದ ಆ ದಿನ ಮಧ್ಯಾಹ್ನದ ಹೊತ್ತಿಗೆ ಅವರನ್ನು ಚರ್ಚಿಗೆ ತಂದೆವು. ಸೀರೆ ಉಡಿಸುವಾಗ ನೆರಿಗೆ ಎಷ್ಟು ಹಿಡಿದರೂ ಇನ್ನೂ ಸೀರೆ ಉಳಿಯುತ್ತಿತ್ತು, ಅಷ್ಟು ಇಳಿದುಹೋಗಿದ್ದರು. ಕೈಗಳನ್ನು ಜೋಡಿಸಿ ಜಪಸರ ಸುತ್ತಿದೆ. ಹೆಬ್ಬೆರಳು ಒಳಗೆ ಮಡಚಿಕೊಳ್ಳಲಿಲ್ಲ, ಮೇಲೇ ನಿಂತಿತು. ಶಾಲೆಯಿಂದ ಬಂದ ಮಗಳು ಹತ್ತಿರ ಹೋಗಿ ಆ ಬೆರಳಿಗೆ ಹಣೆ ತಾಗಿಸಿ ಬಂದಳು. ಅವಳಿಗೆ ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಫಾದರ್ ಪ್ರಸಂಗದಲ್ಲಿ ಮತ್ತೆ ಆ ಮೌನದ ಮಾತೆತ್ತಿದರು, ಒಂದು ದಿನವೂ ನೋವೆಂದವರಲ್ಲ ಅಂದರು. ಆ ದಿನ ಯಾರೂ ಗಿಟಾರು ನುಡಿಸಲಿಲ್ಲ. ಸಮಾಧಿಗೆ ಹಾಕುವ ಮಣ್ಣು ಒದ್ದೆಯಾಗಿತ್ತು, ಹಿಡಿಯಲ್ಲಿ ಅಂಟಿಕೊಂಡು ಬೀಳದೆ, ಕೈ ಕೊಡವಬೇಕಾಯಿತು.

ಸಂಜೆ ಗಲ್ಲಿಗೆ ಹಿಂದಿರುಗಿದಾಗ ಓನರಮ್ಮ ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಕೋಣೆಯ ಬೀಗದ ಕೈ ಕೊಡಲೆಂದು ನಾನು ಒಳಗೆ ಹೋದೆ. “ನಿಮ್ಮತ್ರಾನೇ ಇಟ್ಕಳಿ, ಸಾಮಾನು ಆಮ್ಯಾಕೆ ನೋಡ್ಕಳವಾ,” ಅಂದರು. ಕಾಲು ತೊಳೆಯಲು ಒಂದು ಚೊಂಬು ನೀರು ಕೊಟ್ಟರು. ನಾನು ಸಂಪಿನ ಚಪ್ಪಡಿಯ ಮೇಲೆ ನಿಂತು ಸಮಾಧಿಯ ಮಣ್ಣು ತೊಳೆದುಕೊಳ್ಳುತ್ತಿದ್ದೆ.

“ಅಲ್ಲೇ ಕುಂತ್ಕಳೋರು ನೋಡಿ, ಸಂಜೆ ಆದ್ರೆ,” ಅಂದರು ಅವರು, ದುಪ್ಪಟಿಯ ಮೂಲೆಗಳನ್ನು ಕೂಡಿಸುತ್ತ. “ನಿಮ್ಮಬ್ಬಕ್ಕೆ ಮುಂಚೆ ದಿನಾ ಒಂದೇ ರಾಗ. ಒಟ್ಟೆ ಇಂಡ್ತೈತೆ ಕಣವ್ವ, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ. ಚರ್ಚಿನೋರತ್ರ ಯೋಳಂಗಿಲ್ವಂತೆ, ಅದೇನೋ ಅರಕೆಯಂತೆ. ನಿನ್ನತ್ರ ಆದ್ರೆ ಲೆಕ್ಕಕ್ಕಿಲ್ಲ ಅನ್ನೋರು. ನಾನು ಗ್ಯಾಸು ಅಂದ್ಕಂಡು ಓಂಕಾಳು ಕೊಡ್ತಿದ್ದೆ. ಪಾಪ, ಗೊಣಗ್ತಾ ಗೊಣಗ್ತಾ ಅಗೀತಾ ಕುಂತಿರೋರು, ದೀಪ ಅಚ್ಚೋ ತಂಕ.”